ಸರ್ಕಾರ ಪಕ್ಕಕ್ಕೆ ಸರಿದರೆ ಕೊನೆ ಹೊಲಕ್ಕೆ ನೀರು ಬರುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ ಸುತ್ತ ಇವೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು. ಪ್ರಶ್ನೆ ಹಾಗಿತ್ತು.

ಪ್ರಶ್ನೆ: ಸರ್, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ನಮ್ಮದು ಆರು ಎಕರೆ ಹೊಲ ಇದೆ. ಮಗ ಬೆಂಗಳೂರಿನಲ್ಲಿ ಓದುತ್ತಾನೆ. ದಸರೆಗೆ ಬಂದವನು 'ನಾನು ಲಿಬರ್ಟೇರಿಯನ್' ಅಂತಾನೆ. ಪೊಲೀಸು, ಕೋರ್ಟು, ಸೈನ್ಯ ಬಿಟ್ಟರೆ ಸರ್ಕಾರಕ್ಕೆ ಬೇರೆ ಕೆಲಸವೇ ಇರಬಾರದಂತೆ. ಎಪಿಎಂಸಿ ಬೇಡ, ಬೆಂಬಲ ಬೆಲೆ ಬೇಡ, ಸಬ್ಸಿಡಿ ಬೇಡ, ಕಾಲುವೆಯನ್ನೂ ಖಾಸಗಿಯವರಿಗೆ ಕೊಟ್ಟುಬಿಡಬೇಕಂತೆ. 'ನೀರಾವರಿ ಇಲಾಖೆ ಇದ್ದೂ ನಮ್ಮ ಹೊಲಕ್ಕೆ ನೀರು ಬರ್ತಿಲ್ಲ ಅಲ್ವಾ ಅಪ್ಪಾ?' ಅಂದ. ನನ್ನ ಬಾಯಿ ಕಟ್ಟಿತು. ಇದು ನಿಜವಾಗಿ ನಡೆಯುವ ಮಾತಾ?
– ಹೆಸರು ಬೇಡ, ಮಾನ್ವಿ ತಾಲ್ಲೂಕು

ಉತ್ತರ: ಮೊದಲು ಮಗನ ಪರವಾಗಿ ಎರಡು ಮಾತು. ಸಿಟ್ಟಾಗಬೇಡಿ.

ಅವನು ಹೇಳುವುದರ ತಿರುಳು ಸರಳ. ನನ್ನ ದುಡಿಮೆ, ನನ್ನ ಆಸ್ತಿ ನನ್ನದು. ಇಬ್ಬರು ಒಪ್ಪಿ ಮಾಡಿಕೊಂಡ ವ್ಯವಹಾರದ ನಡುವೆ ಮೂರನೆಯವರು ತಲೆ ಹಾಕಬಾರದು. ಕಳ್ಳತನ, ಮೋಸ, ಹೊಡೆದಾಟ ತಡೆದರೆ ಸರ್ಕಾರದ ಕೆಲಸ ಮುಗಿಯಿತು. ಇದು ತಲೆಕೆಟ್ಟವರ ಮಾತಲ್ಲ. ನಮ್ಮ ಕರಾವಳಿಯ ಅರ್ಥಶಾಸ್ತ್ರಜ್ಞ ಬಿ.ಆರ್. ಶೆಣೈ ಅವರನ್ನೇ ನೋಡಿ. 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಗೆ ತಜ್ಞರ ಸಮಿತಿಯೆಲ್ಲ ತಲೆಯಾಡಿಸಿತು. ಇವರೊಬ್ಬರು ಮಾತ್ರ ಭಿನ್ನಮತ ಬರೆದುಕೊಟ್ಟರು. ಕೈಯಲ್ಲಿಲ್ಲದ ದುಡ್ಡಿನಲ್ಲಿ ಯೋಜನೆ ನಡೆಸಿದರೆ ಬೆಲೆ ಏರುತ್ತೆ, ಅದನ್ನು ಹಿಡಿಯಲು ಹೋಗಿ ಕಂಟ್ರೋಲು, ಪರ್ಮಿಟ್ಟು ಹೆಚ್ಚುತ್ತೆ ಅಂದರು. ಎರಡೇ ವರ್ಷಕ್ಕೆ ವಿದೇಶಿ ವಿನಿಮಯ ಬರಿದಾಗಿ ದೇಶ ಪರದಾಡಿತು. ಆಮೇಲೆ ಸ್ಕೂಟರಿಗೆ, ಫೋನಿಗೆ ವರ್ಷಗಟ್ಟಲೆ ಕಾದದ್ದು ನಿಮಗೂ ನೆನಪಿರಬಹುದು.

ಬಳ್ಳಾರಿಯ ಜೀನ್ಸನ್ನೂ ನೋಡಿ. ಯಾವ ಮಂತ್ರಿಯೂ ಕೂತು ಯೋಜನೆ ಹಾಕಿ ಬೆಳೆಸಿದ ಉದ್ಯಮವಲ್ಲ ಅದು. ಒಂದು ಮನೆಯಲ್ಲಿ ಕಟಿಂಗ್, ಇನ್ನೊಂದರಲ್ಲಿ ಹೊಲಿಗೆ. ಪಕ್ಕದ ಓಣಿಯ ಹೆಣ್ಣುಮಕ್ಕಳು ಪೀಸ್ ಲೆಕ್ಕದಲ್ಲಿ ದಾರ ಕತ್ತರಿಸುತ್ತಾರೆ, ಗುಂಡಿ ಹಾಕುತ್ತಾರೆ. ಯಾರಿಗೆ ಎಷ್ಟು ಪೀಸ್, ಯಾವ ಬಣ್ಣ, ಯಾವ ರೇಟು ಅಂತ ಯಾವ ಇಲಾಖೆಯೂ ಹೇಳುವುದಿಲ್ಲ. ಆದರೂ ಪ್ಯಾಂಟು ತಯಾರಾಗುತ್ತೆ. ಬೆಲೆ ಒಂದಿದ್ದರೆ ಸಾಕು, ಗುರುತೇ ಇಲ್ಲದ ನೂರಾರು ಜನ ಕೂಡಿ ಕೆಲಸ ಮಾಡುತ್ತಾರೆ. ಮುಕ್ತ ಮಾರುಕಟ್ಟೆಯ ಪರ ವಾದಿಸಿದ ಅರ್ಥಶಾಸ್ತ್ರಜ್ಞ ಹಯೆಕ್ ಪುಟಗಟ್ಟಲೆ ಬರೆದದ್ದು ಇದನ್ನೇ. ಆದರೆ ಅದೇ ಪ್ಯಾಂಟು ವಾಷಿಂಗ್‌ಗೆ ಹೋದಾಗ ಹೊರಬರುವ ನೀಲಿ ನೀರು ಯಾರ ಖಾತೆಗೆ? ಪ್ಯಾಂಟಿನ ಬೆಲೆಯಲ್ಲಿ ಅದು ಸೇರಿರುವುದಿಲ್ಲ.

ಇನ್ನು ನಿಮ್ಮ ಕಾಲುವೆಗೆ ಬರೋಣ.

ಮಗನ ನಿಯಮದಲ್ಲಿ ಆ ಕಾಲುವೆ ಹುಟ್ಟುತ್ತಲೇ ಇರಲಿಲ್ಲ. ಅದಕ್ಕೆ ನೀರು ಕೊಡುವ ತುಂಗಭದ್ರಾ ಅಣೆಕಟ್ಟು 1945ರಲ್ಲಿ ಶುರುವಾಗಿ 1953ಕ್ಕೆ ಮುಗಿದದ್ದು. ಒಂದು ಕಡೆ ಹೈದರಾಬಾದ್, ಇನ್ನೊಂದು ಕಡೆ ಮದರಾಸು, ಎರಡು ಸರ್ಕಾರ ಸೇರಿ ಕಟ್ಟಿದ್ದು. ಊರುಗಳು ಮುಳುಗಿದವು. ಕಾಲುವೆಗೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಉದ್ದಕ್ಕೆ ಎಷ್ಟೋ ಜನರ ಜಮೀನು ಹೋಯಿತು. ಒಬ್ಬೊಬ್ಬರನ್ನೂ ಕೇಳಿ, ಒಪ್ಪಿಸಿ, ಕೊಂಡು ಕಾಲುವೆ ತೋಡುವುದಾದರೆ ಗಂಗಾವತಿ ಹತ್ತಿರ ಒಬ್ಬ ರೈತ 'ಕೊಡಲ್ಲ' ಅಂದರೂ ಕೆಲಸ ಅಲ್ಲಿಗೇ ನಿಲ್ಲುತ್ತೆ. ಒತ್ತಾಯದಿಂದ ಜಮೀನು ಪಡೆಯುವುದು ಲಿಬರ್ಟೇರಿಯನ್ನರ ಲೆಕ್ಕದಲ್ಲಿ ಕಳ್ಳತನಕ್ಕೆ ಸಮ. ಮುಳುಗಡೆಯಾದ ಊರಿನವರನ್ನು ಕೇಳಿದರೆ ಅವರೂ ಹೌದು ಅಂದಾರು. ಆ ಸಂಕಟ ಸಣ್ಣದಲ್ಲ. ಆದರೆ ಕಾಲುವೆ ಇಲ್ಲದ ಸಿಂಧನೂರು, ಕಾರಟಗಿ ಹೇಗಿರುತ್ತಿತ್ತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಸರಿ, ಕಾಲುವೆ ಈಗ ಇದೆ. ಅದನ್ನು ಮಾರಿಬಿಟ್ಟರೆ? ಜೀನ್ಸ್ ಸರಿ ಇಲ್ಲದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತೀರಿ. ನಿಮ್ಮ ಹೊಲಕ್ಕೆ ಪಕ್ಕದ ಕಾಲುವೆ ಇಲ್ಲ. ಕೊಂಡವನು ಹೇಳಿದ್ದೇ ರೇಟು.

ಆದರೂ ಮಗನ ಮಾತಿನಲ್ಲಿ ಅರ್ಧ ಸತ್ಯ ಇದೆ. ಎಡದಂಡೆಯ ಬಹುಪಾಲು ಅಚ್ಚುಕಟ್ಟು ಜೋಳ, ಹತ್ತಿ, ಶೇಂಗಾದಂಥ ಮಿತ ನೀರಿನ ಬೆಳೆಗೆ ಅಂತ ಯೋಜನೆ ಹಾಕಿದ್ದು. ಮೇಲ್ಭಾಗದಲ್ಲಿ ಭತ್ತ ಹಚ್ಚಿದರು. ನೀರಿನ ಕರ ಬೆಳೆ ನೋಡಿ ಎಕರೆಗಿಷ್ಟು ಅಂತ ಇದೆ, ನೀರಿನ ಅಳತೆಗಲ್ಲ. ಹಾಗಾಗಿ ಅದೇ ಬೆಳೆಗೆ ಎರಡು ಪಟ್ಟು ನೀರು ಕಟ್ಟಿದವನಿಗೂ ಒಂದು ಪೈಸೆ ಜಾಸ್ತಿ ಬೀಳುವುದಿಲ್ಲ. ಸುಮ್ನೆ ಸಿಗುವಾಗ ಯಾರು ಬಿಡುತ್ತಾರೆ? ಕೆಳಗಿನವರು ರಸ್ತೆಗೆ ಕೂತು ಧರಣಿ ಮಾಡಬೇಕು, ಕಾಲುವೆ ಮೇಲೆ ಪೊಲೀಸರು ಗಸ್ತು ತಿರುಗಬೇಕು. ನೀರನ್ನು ಅಳೆದು ಬೆಲೆ ಕಟ್ಟಿ, ಪ್ರತಿ ರೈತನಿಗೂ ಒಂದು ಪಾಲು ಬರೆದುಕೊಟ್ಟು, ಬೇಡವಾದವನು ತನ್ನ ಪಾಲು ಮಾರಿಕೊಳ್ಳಲಿ ಅಂತ ಬಿಟ್ಟರೆ ನೀರು ಕೆಳಗೆ ಹರಿಯುವ ಸಾಧ್ಯತೆ ಉಂಟು. ಇದು ನನ್ನ ಕಲ್ಪನೆಯಲ್ಲ. ಆಸ್ಟ್ರೇಲಿಯಾದ ಮರ್ರೆ–ಡಾರ್ಲಿಂಗ್ ನದಿ ಕೊಳ್ಳದಲ್ಲಿ ರೈತರು ನೀರಿನ ಪಾಲನ್ನು ಹೀಗೇ ಕೊಳ್ಳುತ್ತಾರೆ, ಮಾರುತ್ತಾರೆ. ಬರಗಾಲದಲ್ಲಿ ಭತ್ತದವನು ಬೆಳೆ ಬಿಟ್ಟು ತನ್ನ ನೀರನ್ನು ಹಣ್ಣಿನ ತೋಟದವನಿಗೆ ಮಾರಿದ್ದುಂಟು. ಇಬ್ಬರೂ ಉಳಿದುಕೊಂಡರು.

ಆದರೆ ಅಲ್ಲಿ 1995ರಲ್ಲಿ 'ನದಿಯಿಂದ ಇಷ್ಟೇ ತೆಗೆಯಬೇಕು' ಅಂತ ಮಿತಿ ಹಾಕಿದ್ದು ಸರ್ಕಾರಗಳೇ. ಮೀಟರು, ನೋಂದಣಿ ಪುಸ್ತಕ, ದಂಡ ಎಲ್ಲವೂ ಅವರವೇ. ಅಷ್ಟಿದ್ದೂ 2017ರಲ್ಲಿ ನೀರುಗಳ್ಳತನದ ದೊಡ್ಡ ಹಗರಣ ಹೊರಬಂತು. ಮೀಟರ್ ನೋಡುವವರು ಸಡಿಲ ಬಿಟ್ಟ ಕಡೆಯೇ ಅದು ನಡೆದದ್ದು. ಚಿಲಿಯಲ್ಲಿ 1981ರಲ್ಲಿ ನೀರಿನ ಹಕ್ಕನ್ನು ಪುಕ್ಕಟೆಯಾಗಿ, ಶಾಶ್ವತವಾಗಿ ಖಾಸಗಿಯವರಿಗೆ ಬರೆದುಕೊಟ್ಟು ಸರ್ಕಾರ ದೂರ ನಿಂತಿತು. ಪೆಟೋರ್ಕಾ ಎಂಬಲ್ಲಿ ಗುಡ್ಡದ ಮೇಲೆ ಅವೊಕಾಡೊ ತೋಟ ಹಸಿರಾಗಿದ್ದರೆ, ಕೆಳಗಿನ ಹಳ್ಳಿಗೆ ಟ್ಯಾಂಕರ್ ನೀರು. ಆ ಕಾನೂನನ್ನು 2005ರಲ್ಲಿ, ಮತ್ತೆ 2022ರಲ್ಲಿ ತಿದ್ದಬೇಕಾಯಿತು.

ಹಾಗಾಗಿ ಮಗನನ್ನು ನಾನಾದರೆ ಒಂದೇ ಪ್ರಶ್ನೆ ಕೇಳುತ್ತಿದ್ದೆ: ಗೇಜ್, ಅಂದರೆ ಕಾಲುವೆ ನೀರಿನ ಅಳತೆಗೆರೆ, ಯಾರು ನೋಡುತ್ತಾರೆ? ಒಮ್ಮೆ ಒಂದು ಉಪಕಾಲುವೆಯ ದಂಡೆಯಲ್ಲಿ ನಿಂತಿದ್ದೆ. ಗೋಡೆಗೆ ಬಳಿದ ಅಡಿ–ಇಂಚಿನ ಗೆರೆಗಳ ಮೇಲೆ ಪಾಚಿ ಕಟ್ಟಿ ಅರ್ಧ ಅಂಕಿ ಕಾಣುತ್ತಿರಲಿಲ್ಲ. ಕಾಲುವೆ ಕಾಯುವ ಲಸ್ಕರ್ ಬೈಕಿನಿಂದ ಇಳಿಯಲೂ ಇಲ್ಲ. ಪುಸ್ತಕ ತೆಗೆದು ನಿನ್ನೆಯ ಅಂಕಿಯ ಕೆಳಗೆ ಅದೇ ಅಂಕಿ ಬರೆದು ಹೊರಟ. ಮೇಲ್ಗಡೆ ಇನ್ನೂರು ಗಜ ದೂರದಲ್ಲಿ ದಂಡೆಯೊಳಗಿಂದ ಒಂದು ಪೈಪು ಗದ್ದೆಗೆ ಇಳಿದಿತ್ತು, ಮೇಲೆ ಹುಲ್ಲು ಮುಚ್ಚಿದ್ದರು. ಈ ಲಸ್ಕರ್‌ಗೆ ಸಂಬಳ ಸರ್ಕಾರ ಕೊಟ್ಟರೂ ಕಂಪನಿ ಕೊಟ್ಟರೂ ನಿಮ್ಮ ಆರು ಎಕರೆಗೆ ವ್ಯತ್ಯಾಸವಿಲ್ಲ. ಅವನು ಬೈಕಿನಿಂದ ಇಳಿಯುತ್ತಾನಾ ಇಲ್ಲವಾ, ಅದಷ್ಟೇ ಮುಖ್ಯ. ಎಲಿನಾರ್ ಆಸ್ಟ್ರಂ ಎಂಬಾಕೆಗೆ 2009ರಲ್ಲಿ ನೊಬೆಲ್ ಬಂತು. ಆಕೆ ದೇಶದೇಶಗಳ ನೀರಾವರಿ ನೋಡಿ ಹೇಳಿದ್ದು ಹೀಗೆ: ನೀರು ಬಳಸುವ ರೈತರೇ ಕಾವಲುಗಾರನನ್ನು ನೇಮಿಸಿಕೊಂಡು, ತಪ್ಪಿಗೆ ಮೊದಲು ಸಣ್ಣ ದಂಡ, ಆಮೇಲೆ ದೊಡ್ಡದು ಹಾಕುವ ಕಡೆ ಕಾಲುವೆ ಚೆನ್ನಾಗಿ ನಡೆದಿದೆ. ಇಲಾಖೆಯೂ ಅಲ್ಲ, ಕಂಪನಿಯೂ ಅಲ್ಲ. ನಮ್ಮಲ್ಲೂ ನೀರು ಬಳಕೆದಾರರ ಸಹಕಾರ ಸಂಘಗಳಿವೆ. ಎಷ್ಟೋ ಕಡೆ ಬೋರ್ಡು ಮಾತ್ರ ಇದೆ ಅನ್ನುವುದು ಬೇರೆ ಮಾತು.

2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋದದ್ದನ್ನು ಮಗ ಎತ್ತಿ ಆಡಿಯೇ ಆಡುತ್ತಾನೆ. ಆಡಲಿ. ಎಪ್ಪತ್ತು ವರ್ಷದ ಸರಪಳಿಯನ್ನು ಕಾಯುವವರು ಸರಿಯಾಗಿ ನೋಡಿಕೊಂಡಿದ್ದರು ಅಂತ ವಾದಿಸುವ ಧೈರ್ಯ ನನಗಿಲ್ಲ.

ಎಪಿಎಂಸಿ ವಿಷಯ ಚುಟುಕಾಗಿ ಹೇಳುತ್ತೇನೆ. ಬಿಹಾರ 2006ರಲ್ಲೇ ಆ ಕಾಯ್ದೆ ರದ್ದು ಮಾಡಿತು. ನಿರೀಕ್ಷಿಸಿದಂತೆ ಖಾಸಗಿ ಮಾರುಕಟ್ಟೆಗಳು ಏಳಲಿಲ್ಲ. ಹಾಗಂತ ಹತ್ತಿ ಅಂಡಿಗೆ ಹೊತ್ತು ಹೋದಾಗ ಕ್ವಿಂಟಲ್‌ಗೆ ಇಷ್ಟು ಕೆಜಿ ಅಂತ 'ಸೂಟು' ಮುರಿದುಕೊಳ್ಳುವವರು ಎಪಿಎಂಸಿ ಇದ್ದಾಗಲೂ ಇದ್ದಾರೆ. ಜೂನ್‌ನಲ್ಲಿ ಗೊಬ್ಬರಕ್ಕೆ ಸಾಲ ಕೊಟ್ಟವನಿಗೇ ಡಿಸೆಂಬರ್‌ನಲ್ಲಿ ಮಾಲು ಹಾಕಬೇಕಾದ ರೈತ 'ಒಪ್ಪಿ' ಮಾರುತ್ತಾನೆ ಅನ್ನುವುದು ಕಾಗದದ ಮೇಲಿನ ಮಾತು. ನ್ಯೂಜಿಲೆಂಡ್ 1984ರಿಂದ ಕೃಷಿ ಸಬ್ಸಿಡಿ ಕಿತ್ತುಹಾಕಿದಾಗ ಹೆಚ್ಚಿನ ರೈತರು ಬದುಕಿಕೊಂಡರು, ನಿಜ. ಆದರೆ ಅಲ್ಲಿಯ ಹಿಡುವಳಿ ಎಕರೆಗಳಲ್ಲ, ನೂರಾರು ಎಕರೆಗಳು. ಅಂದಹಾಗೆ, ಈ ಜಗಳ ನಿಮ್ಮ ಮನೆಯಲ್ಲಿ ಶುರುವಾದದ್ದಲ್ಲ. ಮಹಾರಾಷ್ಟ್ರದ ಶರದ್ ಜೋಶಿ ಮುಕ್ತ ಮಾರುಕಟ್ಟೆ ಬೇಕು ಅಂದರು. ನಮ್ಮ ನಂಜುಂಡಸ್ವಾಮಿಯವರ ರೈತ ಸಂಘ ಅದನ್ನು ವಿರೋಧಿಸಿ 1993ರಲ್ಲಿ ಬಳ್ಳಾರಿ ಬಳಿ ಕಟ್ಟುತ್ತಿದ್ದ ಬಹುರಾಷ್ಟ್ರೀಯ ಬೀಜ ಕಂಪನಿಯ ಘಟಕವನ್ನೇ ಕೆಡವಿತು. ಇಬ್ಬರೂ ರೈತರ ನಾಯಕರೇ.

ಪ್ರಶ್ನೆ: ಅರ್ಜೆಂಟೀನಾದಲ್ಲಿ ಲಿಬರ್ಟೇರಿಯನ್ ಅಧ್ಯಕ್ಷ ಮಿಲೇ ಗರಗಸ ಹಿಡಿದು ಬಂದು ಸರ್ಕಾರವನ್ನೇ ಕತ್ತರಿಸಿದರಲ್ಲ. ಗೆದ್ದರಾ, ಸೋತರಾ?
– ಅಕ್ಕಿ ವ್ಯಾಪಾರಿ, ಗಂಗಾವತಿ

ಉತ್ತರ: ಎರಡೂ ಅಂಕಿ ಕೊಡುತ್ತೇನೆ. 2023ರಲ್ಲಿ ವರ್ಷದ ಹಣದುಬ್ಬರ ಶೇ 211 ಇತ್ತು, 2024ರಲ್ಲಿ ಶೇ 118ರ ಹತ್ತಿರಕ್ಕೆ ಬಂತು. ಬಜೆಟ್ ಮಿಗತೆಗೆ ತಿರುಗಿತು. ಬಡತನ 2024ರ ಮೊದಲ ಅರ್ಧದಲ್ಲಿ ಶೇ 53ಕ್ಕೆ ಜಿಗಿದು, ಎರಡನೇ ಅರ್ಧದಲ್ಲಿ ಶೇ 38ಕ್ಕೆ ಇಳಿಯಿತು. ಆಮೇಲೆ 2025ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಹಣವೂ, ಅಮೆರಿಕದ ಖಜಾನೆಯ ಆಸರೆಯೂ ಬೇಕಾಯಿತು. ಲಿಬರ್ಟೇರಿಯನ್ ಮನೆಗೆ ಸರ್ಕಾರಿ ಸಾಲ!

ಆದರೆ ಅಲ್ಲಿಯ ಜನ ಅವರಿಗೆ ಓಟು ಹಾಕಿದ್ದು ಸುಮ್ನೆ ಅಲ್ಲ. 2007ರಿಂದ ಅಲ್ಲಿಯ ಸರ್ಕಾರ ಹಣದುಬ್ಬರದ ಅಂಕಿಯನ್ನೇ ತಿರುಚಿತ್ತು. 2013ರಲ್ಲಿ ಐಎಂಎಫ್ ಇದಕ್ಕೆ ಛೀಮಾರಿ ಹಾಕಿತು. 75 ಕೆಜಿ ಚೀಲದಲ್ಲಿ 60 ಕೆಜಿ ಭತ್ತ ತುಂಬಿ, ತೂಕದ ಚೀಟಿಯನ್ನೂ ತಾನೇ ಬರೆದುಕೊಂಡ ಹಾಗೆ. ಅಂಥ ಅಂಗಡಿಗೆ ನೀವು ಮತ್ತೆ ಹೋಗುತ್ತೀರಾ?

ಪ್ರಶ್ನೆ: ನಮ್ಮಲ್ಲಿ ಗಣಿ ಗದ್ದಲದ ಕಾಲದಲ್ಲಿ ಯಾವ ನಿಯಮವೂ ಇರಲಿಲ್ಲ. ಅದೇ ಅಲ್ವಾ ಮುಕ್ತ ಮಾರುಕಟ್ಟೆ?
– ನಿವೃತ್ತ ಶಿಕ್ಷಕಿ, ಬಳ್ಳಾರಿ

ಉತ್ತರ: ಅಲ್ಲ ಮೇಡಂ. ಇಲ್ಲಿ ಲಿಬರ್ಟೇರಿಯನ್ನರ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಅದಿರು ಸಾರ್ವಜನಿಕ ಆಸ್ತಿ. ಟನ್ನಿಗೆ ಸಾವಿರಾರು ರೂಪಾಯಿ ಬೆಲೆಯ ಮಾಲಿಗೆ 2009ರವರೆಗೂ ರಾಯಲ್ಟಿ ಬರೀ ಹತ್ತಿಪ್ಪತ್ತು ರೂಪಾಯಿ ಲೆಕ್ಕದಲ್ಲಿತ್ತು. ಗುತ್ತಿಗೆಯ ಗಡಿ ಎಲ್ಲಿ ಮುಗಿಯುತ್ತೆ, ಪಕ್ಕದವನದು ಎಲ್ಲಿ ಶುರು ಅನ್ನುವುದೇ ಅಳಿಸಿಹೋಗಿತ್ತು. ಎರಡು ರಾಜ್ಯಗಳ ನಡುವಿನ ಗಡಿಯೇ ವಿವಾದವಾಯಿತು. ಆ ಗಡಿಗೆ ಹಳೇ ಗುರುತಾಗಿದ್ದ ಸುಗ್ಗಲಮ್ಮ ದೇವಿಯ ಗುಡಿಯೇ 2006ರಲ್ಲಿ ಸ್ಫೋಟಕ್ಕೆ ಹೋಯಿತು. ಗಡಿಯೇ ಇಲ್ಲದ ಮೇಲೆ ಆಸ್ತಿಯ ಹಕ್ಕು ಎಲ್ಲಿಂದ ಬರಬೇಕು?

2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಗುತ್ತಿಗೆಗಳ ಗಡಿಯನ್ನು ಹೊಸದಾಗಿ ಸರ್ವೆ ಮಾಡಿಸಿ ಅಕ್ರಮ ಎಷ್ಟು ಅಂತ ನೋಡಿ ಎ, ಬಿ, ಸಿ ಅಂತ ವಿಂಗಡಿಸಿ, 2013ರಲ್ಲಿ ಅಕ್ರಮ ಹೆಚ್ಚಿದ್ದ ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ಮಾಲು ಇ–ಹರಾಜಿನಲ್ಲೇ ಮಾರಬೇಕು ಅಂದಿತು; ಈ ಕಟ್ಟು 2022ರವರೆಗೂ ಇತ್ತು. ಹೆಚ್ಚಿಗೆ ಕೂಗಿದವನಿಗೆ ಮಾಲು ಹೋಗುತ್ತಿತ್ತು. ಬಳ್ಳಾರಿ ಅದಿರಿಗೆ ಬಹಿರಂಗ ಮಾರುಕಟ್ಟೆ ಅಂತ ಒಂದು ಬಂದದ್ದು ಹೀಗೆ, ಕೋರ್ಟಿನ ಆದೇಶದಿಂದ. ಅದಿರು ತುಂಬಿದ ಲಾರಿ ಪರ್ಮಿಟ್ ಹಿಡಿದು ವೇ ಬ್ರಿಡ್ಜ್ ಮೇಲೆ ಹತ್ತಿ, ತೂಕ ಬರೆಸಿಕೊಂಡು, ಆಮೇಲೆ ರಸ್ತೆಗೆ ಇಳಿಯತೊಡಗಿತು.