ತಂಗಿಯ ನರ್ಸಿಂಗ್ ಓದಿನ ಸಾಲಕ್ಕೆ ಬ್ಯಾಂಕಿನಿಂದ ಪತ್ರದ ಮೇಲೆ ಪತ್ರ ಬರುತ್ತಿದೆ. ಮುಂಚೆ ಏನೋ ಸರ್ಟಿಫಿಕೇಟ್ ಕೇಳಿದ್ದರು, ಈಗ ವಕೀಲರ ನೋಟಿಸ್ ಬಂದಿದೆ. ಮನ್ನಾ ಆಗುತ್ತೆ, ಕಾಯಿರಿ ಅಂತಾರೆ ಮಾವ. ವಕೀಲರನ್ನು ನೋಡಬೇಕಾ, ಸಾಲ ಮನ್ನಾ ಆಗೋವರೆಗೆ ಸುಮ್ನಿರಬಹುದಾ?

ಎರಡೂ ಬೇಡ. ಮೊದಲು ಆ ಪತ್ರಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿಕೊಳ್ಳಿ. ನೀವು ವಕೀಲರ ನೋಟಿಸ್ ನೋಡಿ ಗಾಬರಿಯಾಗಿದ್ದೀರಿ. ನನಗೆ ಚಿಂತೆ ಇರುವುದು ಅದಕ್ಕಿಂತ ಮುಂಚೆ ಬಂದ, ನೀವು 'ಏನೋ ಸರ್ಟಿಫಿಕೇಟ್ ಕೇಳಿದ್ದರು' ಅಂತ ಒಂದೇ ಮಾತಲ್ಲಿ ಮುಗಿಸಿರುವ ಪತ್ರದ ಬಗ್ಗೆ. ನಮ್ಮ ಮನೆಯಲ್ಲಿ ದುಡ್ಡು ಹೋಗಿದ್ದು ಅಂಥದ್ದೇ ಒಂದು ಪತ್ರದಿಂದ.

ನಾನೂ ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಓದಿದವಳು. ಹಾವೇರಿ ಕಡೆಯ ನಮ್ಮೂರಿನ ಬ್ಯಾಂಕಲ್ಲಿ ಸಾಲ ತೆಗೆದು ದಾವಣಗೆರೆಯಲ್ಲಿ ಸೇರಿದೆ. ಸಾಲ 4 ಲಕ್ಷದೊಳಗೆ ಇದ್ದದ್ದರಿಂದ ಅಡಮಾನ ಇರಲಿಲ್ಲ, ಅಪ್ಪ ಜೊತೆಯಲ್ಲಿ ಸಹಿ ಹಾಕಿದ್ದರು. ನಾನು ಹಾಸ್ಟೆಲ್‌ನಲ್ಲಿದ್ದಾಗ ಊರಿಗೆ ಒಂದು ಪತ್ರ ಬಂತು. ಇಂಗ್ಲಿಷಿನಲ್ಲಿ, ಅರ್ಧ ಪುಟ. ಬೆದರಿಕೆ ಇಲ್ಲ, ಮೊತ್ತ ಇಲ್ಲ, ಕೆಳಗೆ ಮ್ಯಾನೇಜರ್ ಸಹಿ ಮಾತ್ರ. ಅಪ್ಪ ಫೋನಲ್ಲಿ ಅಕ್ಷರ ಕೂಡಿಸಿ ಕೂಡಿಸಿ 'ಇನ್‌ಕಂ ಸರ್ಟಿಫಿಕೇಟ್' ಅಂತ ಓದಿದರು. 'ಅದನ್ನ ಆಗಲೇ ಕೊಟ್ಟಾಗಿದೆ ಅಪ್ಪಾ' ಅಂದುಬಿಟ್ಟೆ.

ಕೊಟ್ಟಿದ್ದು ಕಾಲೇಜಿಗೆ. ಸ್ಕಾಲರ್‌ಶಿಪ್ಪಿಗೆ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ಓದಿದವರೂ ಇಲ್ಲೇ ಎಡವುತ್ತಾರೆ. ನಾಡಕಚೇರಿಯಿಂದ ತರುವ ಕಾಗದ ಒಂದೇ, ಆದರೆ ಅದನ್ನು ಕೊಡಬೇಕಾದ ಜಾಗ ಎರಡು. ಕಾಲೇಜಿನವರು ಅದನ್ನು ಬ್ಯಾಂಕಿಗೆ ಕಳಿಸುವುದಿಲ್ಲ, ಬ್ಯಾಂಕಿನವರು ಕಾಲೇಜನ್ನು ಕೇಳುವುದೂ ಇಲ್ಲ. ಬ್ಯಾಂಕ್ ಕೇಳಿದ್ದು ಬೇರೆಯದಕ್ಕೆ: ಕೇಂದ್ರ ಸರ್ಕಾರ 2009ರಲ್ಲಿ ಶುರು ಮಾಡಿದ ಬಡ್ಡಿ ಸಹಾಯಧನಕ್ಕೆ. ಮನೆಯ ವರ್ಷದ ಆದಾಯ 4.5 ಲಕ್ಷ ರೂಪಾಯಿ ಒಳಗಿದ್ದು, ಪಿಯುಸಿ ಆದಮೇಲೆ ಮಾನ್ಯತೆ ಇರುವ ವೃತ್ತಿಪರ ಕೋರ್ಸ್ ಸೇರಿದ್ದರೆ, ಕಂತು ಶುರುವಾಗುವ ತನಕದ ಬಡ್ಡಿಯನ್ನು ಸರ್ಕಾರವೇ ಕಟ್ಟುತ್ತದೆ. ಆದರೆ ಆ ದುಡ್ಡು ತಾನಾಗಿ ಬರಲ್ಲ. ಬ್ಯಾಂಕ್ ಕ್ಲೇಮ್ ಹಾಕಬೇಕು. ಕ್ಲೇಮ್ ಹಾಕಲು ಆದಾಯದ ಕಾಗದ ಬೇಕು. ನಮ್ಮ ಕಾಗದ ಹೋಗಲಿಲ್ಲ, ಕ್ಲೇಮೂ ಹೋಗಲಿಲ್ಲ. ಓದಿದ ಅಷ್ಟೂ ವರ್ಷದ ಬಡ್ಡಿ ಅಸಲಿಗೆ ಸೇರಿಕೊಂಡು, ಅದರ ಮೇಲೆ ಬ್ಯಾಂಕಿನವರು ಕಂತು ಲೆಕ್ಕ ಹಾಕಿದರು. ನಾನು ಕೆಲಸಕ್ಕೆ ಸೇರಿದ ಮೇಲೆ ಬ್ಯಾಂಕಿಗೆ ಹೋಗಿ ಕೇಳಿದರೆ, ಆ ವರ್ಷಗಳ ಕ್ಲೇಮ್ ಮುಗಿದುಹೋಗಿದೆ ಅಂದರು. ಅಪ್ಪ ಶೇಂಗಾ ಮಾರಿದ ದುಡ್ಡು ಅದಕ್ಕೇ ಹೋಯಿತು. ನನಗೆ ಇವತ್ತಿಗೂ ಸಂಕಟ ಆಗುತ್ತೆ.

ಹಾಗಾಗಿ ನಿಮ್ಮ ತಂಗಿ ಇನ್ನೂ ಓದುತ್ತಿದ್ದರೆ, ಅಥವಾ ಈಗಷ್ಟೇ ಮುಗಿಸಿದ್ದರೆ, ನಾಳೆಯೇ ಹೋಗಿ 'ಬಡ್ಡಿ ಸಹಾಯಧನದ ಕ್ಲೇಮ್ ಹಾಕಿದ್ದೀರಾ' ಅಂತ ಕೇಳಿ. ಬಾಯಲ್ಲಿ ಕೇಳಿ ಬರಬೇಡಿ. ಅರ್ಜಿ ಬರೆದು ಕೊಟ್ಟು, ನಕಲಿನ ಮೇಲೆ ಸೀಲ್, ಸಹಿ, ತಾರೀಖು ಹಾಕಿಸಿಕೊಳ್ಳಿ. 30 ದಿನ ಕಳೆದರೂ ಉತ್ತರ ಕೊಡದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಖರ್ಚಿಲ್ಲ. ಆಗ ಆ ಸೀಲೇ ನಿಮ್ಮ ಆಧಾರ.

ಮನ್ನಾ ವಿಚಾರ. 2018ರಲ್ಲಿ ನಮ್ಮೂರಲ್ಲೂ ಎಲ್ಲರೂ 'ಕಾಯಿರಿ' ಅಂದರು. ಅದು ಬೆಳೆ ಸಾಲದ ಮನ್ನಾ. ಶಿಕ್ಷಣ ಸಾಲಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಕಾದವರಿಗೆ ಬಡ್ಡಿ ಬೆಳೆಯಿತು ಅಷ್ಟೇ. ನಿಮ್ಮ ಮಾವ ಒಳ್ಳೇದಕ್ಕೇ ಹೇಳ್ತಿರಬಹುದು, ಆದರೆ ಈ ಮಾತು ಕೇಳಬೇಡಿ.

ಈಗ ಆ ವಕೀಲರ ನೋಟಿಸ್. ಅದು ಕೋರ್ಟಿನ ಸಮನ್ಸ್ ಅಲ್ಲ, ಬ್ಯಾಂಕಿನ ಪರವಾಗಿ ವಕೀಲರು ಬರೆದ ಪತ್ರ. ಸಾಲದ ಕಂತು ತಪ್ಪಿದ್ದಕ್ಕೆ ಪೊಲೀಸರು ಬಂದು ಹಿಡಿಯುವುದಿಲ್ಲ. ಅದರಲ್ಲಿ ಎರಡು ಮೊತ್ತ ಇದೆಯಾ ನೋಡಿ. ಔಟ್‌ಸ್ಟ್ಯಾಂಡಿಂಗ್ ಅಂದರೆ ಒಟ್ಟು ಬಾಕಿ. ಓವರ್‌ಡ್ಯೂ ಅಂದರೆ ಇವತ್ತಿನವರೆಗೆ ತಪ್ಪಿದ ಕಂತು. ನೀವು ದೊಡ್ಡ ಮೊತ್ತ ನೋಡಿ ಹೆದರಿದ್ದೀರಿ ಅನ್ಸುತ್ತೆ. ಪೂರ್ತಿ ಸಾಲ ಒಟ್ಟಿಗೆ ಕಟ್ಟಿ ಅಂತ ಬರೆದಿಲ್ಲದಿದ್ದರೆ, ಈಗ ತುರ್ತಾಗಿ ಕಟ್ಟಬೇಕಿರುವುದು ಚಿಕ್ಕದು. ಕಂತು ತಪ್ಪಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತದೆ. ಸಿಬಿಲ್, ಅಂದರೆ ಸಾಲ ತೀರಿಸಿದ ದಾಖಲೆ ನೋಡಿ ಕೊಡುವ ಅಂಕ, ತಂಗಿಯದೂ ಕೆಡುತ್ತೆ, ಜೊತೆಗೆ ಸಹಿ ಹಾಕಿದ ಅಪ್ಪನದೂ ಕೆಡುತ್ತೆ. ಅದರೊಳಗೆ ಸ್ವಲ್ಪವಾದರೂ ಕಟ್ಟಿ, ಕಂತು ಇಳಿಸಿಕೊಡಿ ಅಂತ ಕೇಳಿ.

ರಾಜಿಯಲ್ಲಿ ವ್ಯಾಜ್ಯ ಮುಗಿಸುವ ಲೋಕ್ ಅದಾಲತ್‌ನಿಂದ ನೋಟಿಸ್ ಬಂದರೆ ತಪ್ಪಿಸಬೇಡಿ, ಅಲ್ಲಿ ಬಡ್ಡಿ ಬಿಡಿಸಿಕೊಳ್ಳಲು ಮಾತಾಡಬಹುದು. ಆದರೆ ಅಲ್ಲಿ ಒಪ್ಪಿ ಸಹಿ ಹಾಕಿದ್ದು ಕೋರ್ಟಿನ ಡಿಕ್ರಿಗೆ, ಅಂದರೆ ತೀರ್ಪಿಗೆ ಸಮ, ಮೇಲ್ಮನವಿ ಇಲ್ಲ. ತಿಂಗಳಿಗೆ ನಿಜವಾಗಿ ಕಟ್ಟಲು ಆಗುವಷ್ಟಕ್ಕೆ ಮಾತ್ರ ಒಪ್ಪಿ.

ಇನ್ನೊಂದು. ಅಪ್ಪನನ್ನು ಒಬ್ಬರನ್ನೇ ಬ್ಯಾಂಕಿಗೆ ಕಳಿಸಬೇಡಿ. ಕೌಂಟರಿನಲ್ಲಿ ಅವರು 'ಆಯ್ತು ಸಾರ್' ಅಂದು ವಾಪಸ್ ಬರ್ತಾರೆ. ಸಾಲ ತಂಗಿ ಹೆಸರಲ್ಲಿದೆ. ಅವಳೇ ಹೋಗಿ ಕನ್ನಡದಲ್ಲಿ ಬಿಡಿಸಿ ಹೇಳಿ ಅಂತ ಕೇಳಲಿ, ನೀವು ಪಕ್ಕದಲ್ಲಿ ಕೂತು ಬರ್ಕೊಳ್ಳಿ.