ಸೆರೆಸಿಕ್ಕ ಮಗನನ್ನು ಬಿಡಿಸಿಕೊಳ್ಳದ ಕಾರ್ಯಪ್ಪನವರ ನಿರ್ಧಾರ ಸರಿಯೇ? ಚರ್ಚಾಸ್ಪರ್ಧೆಯಲ್ಲಿ ಮಗಳು ಪರ ಮಾತಾಡಲೋ, ವಿರೋಧವೋ ಅಂತ ಕೇಳಿದ್ದೀರಿ.

ಇದೇ ವಿಷಯ ಪಿಯುಸಿಯಲ್ಲಿ ನನಗೂ ಬಂದಿತ್ತು. ಪರ ಮಾತಾಡಿದೆ. ಚಪ್ಪಾಳೆ ಬಿತ್ತು, ಬಹುಮಾನ ಬರಲಿಲ್ಲ.

ಐದು ನಿಮಿಷದಲ್ಲಿ ನಾಲ್ಕೂವರೆ ನಿಮಿಷ ಅಪ್ಪನ ಕಥೆಯೇ. 1965ರ ಭಾರತ-ಪಾಕಿಸ್ತಾನ ಯುದ್ಧ, ವಾಯುಪಡೆಯ ಪೈಲಟ್ ಆಗಿದ್ದ ಮಗ ಪಾಕಿಸ್ತಾನದ ಸೆರೆಯಲ್ಲಿ. ನಮ್ಮ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕಾರ್ಯಪ್ಪ ಆಗ ನಿವೃತ್ತರಾಗಿ ಮಡಿಕೇರಿಯಲ್ಲಿದ್ದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ವಿಭಜನೆಗೆ ಮೊದಲು ಇವರ ಕೈಕೆಳಗಿದ್ದವರು. ನಿಮ್ಮ ಮಗನನ್ನು ಬಿಟ್ಟುಬಿಡ್ತೀವಿ ಅಂತ ಹೇಳಿ ಕಳಿಸಿದರಂತೆ. ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಬಿಟ್ಟರೆ ಎಲ್ಲರನ್ನೂ ಬಿಡಿ ಅಂತ ಇವರು ಹೇಳಿದರಂತೆ. ಇದನ್ನೆಲ್ಲ ದನಿ ಬದಲಿಸಿ, ನಾಟಕದ ಥರ ಒಪ್ಪಿಸಿದೆ.

ತೀರ್ಪುಗಾರರಲ್ಲಿ ಒಬ್ಬರು ಮಾಜಿ ಸೈನಿಕರು. ಮೆತ್ತಗೆ ಕೇಳಿದರು, “ಅಲ್ಲ ಮರಿ, ಮಗ ಹಾರಿಸ್ತಿದ್ದದ್ದು ಯಾವ ವಿಮಾನ?”

“ಮಿಗ್ ಸಾರ್.”

ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಷ್ಟೇ, ಇನ್ನೇನೂ ಕೇಳಲಿಲ್ಲ.

ಹಂಟರ್ ಅದು! ನನಗೆ ಯುದ್ಧವಿಮಾನ ಅಂದರೆ ಮಿಗ್ ಒಂದೇ ಗೊತ್ತಿದ್ದದ್ದು. 1965ರಲ್ಲಿ ನಮ್ಮ ಹತ್ತಿರ ಇದ್ದ ಮಿಗ್-21ಗಳು ಬೆರಳೆಣಿಕೆಯಷ್ಟು. ಹೆಚ್ಚಾಗಿ ಹಾರಿದ್ದು ಹಂಟರ್, ನ್ಯಾಟ್, ಮಿಸ್ಟೇರ್‌ಗಳು. ಹೆಸರು ತಪ್ಪಿದ್ದು ಸಣ್ಣ ವಿಷಯ ಅಂತ ಮನೆಯವರು ಸಮಾಧಾನ ಮಾಡಿದರು. ಸಣ್ಣದಲ್ಲ. ಆ ಮನುಷ್ಯನ ಬಗ್ಗೆ ನಾನು ಒಂದು ಪುಟವನ್ನೂ ಓದಿರಲಿಲ್ಲ. ನನ್ನ ಭಾಷಣದಲ್ಲಿ ಅವರು ಬರೀ ‘ಮಗ’. ಹೆಸರು ಕೂಡ ಹೇಳಿರಲಿಲ್ಲ, ನೋಡಿ.

ಹೆಸರು ಕೆ.ಸಿ. ಕಾರ್ಯಪ್ಪ. ನಂದಾ ಅಂತ ಕರೀತಾರೆ. ವಾಯುಪಡೆಯ 20ನೇ ಸ್ಕ್ವಾಡ್ರನ್, ಅಂದರೆ ವಿಮಾನಗಳ ತುಕಡಿ. 1965ರ ಸೆಪ್ಟೆಂಬರ್ 22ರಂದು, ನೆಲದಿಂದ ಹಾರಿಸಿದ ಗುಂಡು ತಗುಲಿ ವಿಮಾನಕ್ಕೆ ಬೆಂಕಿ ಹತ್ತಿತು. ಇಜೆಕ್ಟ್ ಆದರು, ಅಂದರೆ ಸೀಟಿನ ಸಮೇತ ಹೊರಗೆ ಚಿಮ್ಮಿದರು. ಬೆನ್ನಿಗೆ ಪೆಟ್ಟು, ಮೇಲೆ ಸೆರೆ. ಮಾರನೇ ದಿನ ಬೆಳಗಿನ ಜಾವಕ್ಕೇ ಕದನವಿರಾಮ! ಒಂದೇ ಒಂದು ದಿನ. ಅಯೂಬ್ ಖಾನರ ಹೆಂಡತಿ ಮತ್ತು ಹಿರಿಯ ಮಗ ಆಸ್ಪತ್ರೆಗೆ ಬಂದು ನೋಡಿದರು. ತಂದಿದ್ದು ಸಿಗರೇಟು, ಒಂದು ಕಾದಂಬರಿ. ಶತ್ರುವಿನ ಆಸ್ಪತ್ರೆಯಲ್ಲಿ, ನೋಯುವ ಬೆನ್ನಲ್ಲಿ ಮಲಗಿ ಆ ಪುಸ್ತಕದ ಹಾಳೆ ತಿರುವುವುದು ಹೇಗಿದ್ದಿರಬಹುದು? ನಾನಾಗಿದ್ದರೆ ಭಾಷಣ ಅಲ್ಲಿಂದಲೇ ಶುರು ಮಾಡ್ತೀನಿ ಈಗ.

ನಾಲ್ಕು ತಿಂಗಳ ಮೇಲೆ, 1966ರ ಜನವರಿಯಲ್ಲಿ ವಾಪಸು ಬಂದರು. ಮತ್ತೆ ಹಾರಿದರು. ಏರ್ ಮಾರ್ಷಲ್ ಆದರು, ಪರಮ ವಿಶಿಷ್ಟ ಸೇವಾ ಪದಕ ಬಂತು.

ಹಾಗಾಗಿ ಪರವೋ ವಿರೋಧವೋ ಅನ್ನೋ ಪ್ರಶ್ನೆಯೇ ನನಗೆ ಸರಿಹೋಗಲ್ಲ. ಅಪ್ಪನಿಗೆ ಅಂಕ ಹಾಕೋಕೆ ನಾವ್ಯಾರು? ಹಾಕೋ ಹಕ್ಕಿದ್ದರೆ ಸೆರೆಯಲ್ಲಿದ್ದವರಿಗೆ ಇತ್ತು. ಯಾವುದಾದರೂ ಒಂದು ಕಡೆ ನಿಲ್ಲಲೇಬೇಕು ಅಂದರೆ ಚೀಟಿ ಎತ್ತಿಸಿ, ಪರವಾಗಿಲ್ಲ. ಮೂರು ನಿಮಿಷ ಮಗನಿಗೆ ಕೊಡಲಿ. ಆಮೇಲೆ, 1965ರ ಅಪ್ಪನನ್ನು ‘ಫೀಲ್ಡ್ ಮಾರ್ಷಲ್’ ಅನ್ನೋದು ಬೇಡ, ಭೂಸೇನೆಯ ಆ ಅತ್ಯುನ್ನತ ಪದವಿ ಬಂದದ್ದು 1986ರಲ್ಲಿ.

ಮತ್ತೆ, ಹೋಗುವ ಮುಂಚೆ ಅಂಗೈ ಮೇಲೆ ‘ಹಂಟರ್’ ಅಂತ ಬರೆದು ಕಳಿಸಿ.