ಪ್ರತಿಕ್ರಿಯೆ: ಗೋಬರ್ ಗ್ಯಾಸ್ ಉರಿ ಸಾಲುತ್ತಿಲ್ಲ, ಸಿಲಿಂಡರೇ ವಾಸಿಯೇ?

ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ಪ್ಲಾಂಟು, ಎರಡೇ ಹಸು ಅಂದಿದ್ದೀರಿ. ಸಗಣಿ ಸಾಲುತ್ತಿಲ್ಲ, ಬಹುತೇಕ ಅದೇ ಕಾರಣ. ದಿನಕ್ಕೆ ಸುಮಾರು 50 ಕೆಜಿ ಬೇಕು. ಹೊರಗೆ ಮೇಯುವ ಹಸುಗಳಾದರೆ ಕೊಟ್ಟಿಗೆಯಲ್ಲಿ ಅದರ ಅರ್ಧವೂ ಸಿಗುವುದಿಲ್ಲ.

ಮೊದಲು ಒಂದು ವಾರ ಸಗಣಿ ತೂಗಿ ನೋಡಿ. ಅಷ್ಟೇ ತೂಕದ ನೀರು ಬೆರೆಸಿ, ಹುಲ್ಲಿನ ಕಡ್ಡಿ ತೆಗೆದು ಪ್ಲಾಂಟಿಗೆ ಹಾಕಿ. ಕಡಿಮೆ ಬಿದ್ದರೆ ಪಕ್ಕದ ಮನೆಯ ಸಗಣಿ ತನ್ನಿ. ಫಿನಾಯಿಲ್ ಹಾಕಿ ತೊಳೆದ ನೀರು ಮಾತ್ರ ಒಳಗೆ ಹೋಗಬಾರದು, ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳೇ ಸಾಯುತ್ತವೆ.

ಉರಿ ಕುಣಿಯುತ್ತಿದ್ದರೆ ಪೈಪಿನ ತಗ್ಗಿನಲ್ಲಿ ನೀರು ನಿಂತಿರುತ್ತದೆ, ಬಸಿಯಿರಿ. ಎಲ್‌ಪಿಜಿ ಒಲೆಯನ್ನೇ ಜೋಡಿಸಿದ್ದರೆ ಅದರಲ್ಲಿ ಗ್ಯಾಸ್ ಹೊರಬರುವ ಜೆಟ್ಟಿನ ತೂತು ಇದಕ್ಕೆ ತೀರಾ ಸಣ್ಣದು. ಗೋಬರ್ ಗ್ಯಾಸಿನ ಒಲೆಯೇ ಬೇಕು.

ಪರಿಸರದ ಲೆಕ್ಕ ಕೇಳಿದಿರಿ. 1 ಕೆಜಿ ಎಲ್‌ಪಿಜಿ ಉರಿದರೆ ಸುಮಾರು 3 ಕೆಜಿ ಕಾರ್ಬನ್ ಡೈಆಕ್ಸೈಡ್, ಅದೂ ನೆಲದಡಿ ಹುದುಗಿದ್ದ ಇಂಗಾಲ. ಸಗಣಿಯಲ್ಲಿರುವ ಇಂಗಾಲ ಮೇವು ಬೆಳೆಯುವಾಗ ಗಾಳಿಯಿಂದಲೇ ಹೀರಿದ್ದು. ಆದರೆ ಗೋಬರ್ ಗ್ಯಾಸಿನಲ್ಲಿ ಉರಿಯುವ ಭಾಗವಾದ ಮೀಥೇನ್ ಉರಿಯದೆ ಸೋರಿದರೆ, ನೂರು ವರ್ಷದ ಲೆಕ್ಕದಲ್ಲಿ, ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿನ ಸುಮಾರು 27 ಪಟ್ಟು ಶಾಖ ಹಿಡಿಯುತ್ತದೆ. ಸೋರುವ ಪ್ಲಾಂಟಿಗಿಂತ ಸಿಲಿಂಡರೇ ಮೇಲಾದೀತು. ಹಾಗಾಗಿ ಗ್ಯಾಸ್ ತೆರೆದು ಮುಚ್ಚುವ ಗೇಟ್ ವಾಲ್ವ್, ಪೈಪಿನ ಕೀಲುಗಳಿಗೆಲ್ಲ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದಲ್ಲಿ ಬಿಗಿ ಮಾಡಿ. ಬೆಂಕಿಕಡ್ಡಿ ಗೀರಿ ನೋಡಬೇಡಿ.